ಚರ್ಚ್ ಪ್ಯಾಕೇಜ್: ಲೋಗೊ ಚೆಂದ, ವಿಳಾಸ ಎಲ್ಲಿ?

ಮುಂಬಯಿಯ ಫ್ಲೆಕ್ಸ್ ಅಂಗಡಿಗಳು, ಸಣ್ಣ ಡಿಸೈನ್ ಸ್ಟುಡಿಯೊಗಳು ‘ಚರ್ಚ್ ಪ್ಯಾಕೇಜ್’ ಎಂದು ಕೊಡುವುದು ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ ಸರಕು: ಲೋಗೊ, ಲೆಟರ್‌ಹೆಡ್, 6×3 ಅಡಿಯ ಫ್ಲೆಕ್ಸ್, ಒಂದು ಸ್ಟ್ಯಾಂಡಿ (ನೆಲದ ಮೇಲೆ ನಿಲ್ಲಿಸುವ ಬೋರ್ಡು), ತಿಂಗಳಿಗೆ ನಾಲ್ಕೈದು ವಾಟ್ಸಾಪ್ ಪೋಸ್ಟರ್, ಯೂಟ್ಯೂಬ್ ಬ್ಯಾನರ್. ಪುಣೆ ಪಕ್ಕದ ಪಿಂಪ್ರಿಗೆ ಹೋದರೂ ಅದೇ, ಗೋವಾದ ವಾಸ್ಕೊಗೆ ಹೋದರೂ ಅದೇ. ಈ ಊರುಗಳ ಕನ್ನಡ ಕ್ರೈಸ್ತ ಸಭೆಯೊಂದಕ್ಕೆ ಇದರಿಂದ ಎಷ್ಟು ಉಪಯೋಗ ಎಂದು ನೋಡಿದರೆ, 5ಕ್ಕೆ 2½ ಅಂಕ ಕೊಡಬಹುದು. ಆ ಎರಡೂವರೆಯೂ ಮುದ್ರಣದ ಅಂದಕ್ಕೆ.

ಲೋಗೊ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಶಿಲುಬೆ, ಪಾರಿವಾಳ, ತೆರೆದ ಬೈಬಲ್, ಬೆಂಕಿಯ ಜ್ವಾಲೆ ನಾಲ್ಕನ್ನೂ ಒಂದೇ ವೃತ್ತದಲ್ಲಿ ತುರುಕಿರುತ್ತಾರೆ. ವಾಟ್ಸಾಪ್ ಡಿಪಿಯ ಗಾತ್ರಕ್ಕೆ ಇಳಿದಾಗ ಅದು ಬರೀ ಮಸಿಚುಕ್ಕೆ. ನಾಲ್ಕರಲ್ಲಿ ಒಂದನ್ನು ಇಟ್ಟುಕೊಳ್ಳಿ, ಸಾಕು. ಅಷ್ಟಕ್ಕೂ ಮುಂಬಯಿಯ ಅತಿ ಗಟ್ಟಿ ಚರ್ಚ್ ಬ್ರ್ಯಾಂಡಿಗೆ ಲೋಗೊ ಬೇಕಾಗಲೇ ಇಲ್ಲ. 1718ರಲ್ಲಿ ಆರಾಧನೆಗೆ ತೆರೆದ ಸೇಂಟ್ ಥಾಮಸ್ ಕೆಥೆಡ್ರಲ್‌ಗೆ ಹೋಗುವ ಕೋಟೆ ಬಾಗಿಲಿಗೆ ಜನ ‘ಚರ್ಚ್‌ಗೇಟ್’ ಅಂದರು. ಕೋಟೆಯೂ ಹೋಯಿತು, ಬಾಗಿಲೂ ಹೋಯಿತು, ಸ್ಟೇಷನ್ನಿನಲ್ಲಿ ಹೆಸರು ಉಳಿಯಿತು. ಮಾಹಿಮ್‌ನ ಸೇಂಟ್ ಮೈಕಲ್ ಚರ್ಚಿನ ಗುರುತು ಒಂದು ವಾರದ ದಿನ: ಬುಧವಾರ ಅಂದರೆ ನೊವೆನಾ ಪ್ರಾರ್ಥನೆ, ಮಾಹಿಮ್ ಅಂದರೆ ಬುಧವಾರ. ತಿಂಗಳಿಗೊಮ್ಮೆ ಹೊತ್ತು ಬದಲಿಸುವ ಸಭೆಗೆ ಎಂಥ ಡಿಸೈನರ್ ಬಂದರೂ ಇಂಥ ಗುರುತು ಕಟ್ಟಿಕೊಡಲಾರ.

ಪ್ಯಾಕೇಜು ನಿಜಕ್ಕೂ ಸೋಲುವುದು ಕನ್ನಡದಲ್ಲಿ. ಅಕ್ಷರ ಜೋಡಿಸುವ ಹುಡುಗನಿಗೆ ಮರಾಠಿ, ಹಿಂದಿ ಬರುತ್ತದೆ, ಕನ್ನಡ ಬರುವುದಿಲ್ಲ. ಅದು ಅವನ ತಪ್ಪಲ್ಲ. ಆದರೆ ಯೂನಿಕೋಡ್ ಕನ್ನಡವನ್ನು ಹಳೆಯ ಫೋಟೊಶಾಪ್‌ನಲ್ಲಿ ಹಾಗೇ ಅಂಟಿಸಿದರೆ ಒತ್ತಕ್ಷರ ಕೂಡಿಕೊಳ್ಳದೆ ‘ಕ್ರಿಸ್ತ’ ಹೋಗಿ ‘ಕ್‌ರಿಸ್‌ತ’ ಆಗುತ್ತದೆ, ‘ಪ್ರಾರ್ಥನೆ’ಯ ಅರ್ಕಾವೊತ್ತು ಮುರಿದು ‘ಪ್‌ರಾರ್‌ಥನೆ’ ಆಗುತ್ತದೆ. ಮದ್ದು ಸುಲಭ. ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ‘ವರ್ಲ್ಡ್-ರೆಡಿ’ ಆಯ್ಕೆ ಮಾಡಬೇಕು (ಇನ್ನೂ ಹಳೆಯ ಆವೃತ್ತಿಯಲ್ಲಿ ಅದರ ಹೆಸರು ‘ಮಿಡ್ಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್’), ಪ್ಯಾರಾಗ್ರಾಫ್ ಪ್ಯಾನೆಲ್ಲಿನಲ್ಲೂ ವರ್ಲ್ಡ್-ರೆಡಿ ಕಂಪೋಸರ್ ಇದೆಯೇ ನೋಡಬೇಕು. ಕೋರೆಲ್‌ಡ್ರಾದಲ್ಲಿ ಹಳೆಯ ನುಡಿ ಫಾಂಟ್ ಬಳಸಿದ್ದರೆ ತೊಂದರೆ ಬೇರೆ: ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಇಡೀ ಆಮಂತ್ರಣ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ನಿಲ್ಲುತ್ತದೆ. ಮುದ್ರಣಕ್ಕೆ ಕಳಿಸುವ ಮುನ್ನ ಅಕ್ಷರಗಳನ್ನು ಕರ್ವ್ ಮಾಡಿಸಿ (ಅಂದರೆ ಫಾಂಟ್ ಬೇಡದ ಚಿತ್ರರೇಖೆಯಾಗಿಸಿ), ಪಿಡಿಎಫ್ ತರಿಸಿ. ಸಾಲಿನ ಅಂತರವನ್ನೂ ನೋಡಿ. ಇಂಗ್ಲಿಷಿಗೆ ಇಟ್ಟ ಅಂತರವನ್ನೇ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೊಡೆಯುತ್ತದೆ. ಅಕ್ಷರದ ಗಾತ್ರದ ಒಂದೂವರೆ ಪಟ್ಟು ಇಡಿಸಿ.

ಅನುವಾದ ಇನ್ನೊಂದು ಗಂಡಾಂತರ. ‘ಸಂಡೇ ಸರ್ವಿಸ್’ ಯಂತ್ರದ ಕೈಗೆ ಸಿಕ್ಕರೆ ‘ಭಾನುವಾರ ಸೇವೆ’ ಆಗಿ ಹೊರಬೀಳುತ್ತದೆ. ಓದಿದವರು ಸ್ಕೂಟರ್ ತೆಗೆದುಕೊಂಡು ಬಂದರೆ ಆಶ್ಚರ್ಯವಿಲ್ಲ. ಪ್ರಾಟೆಸ್ಟೆಂಟ್ ಸಭೆಗೆ ‘ಆರಾಧನೆ’, ಕಥೋಲಿಕರಿಗೆ ‘ಬಲಿಪೂಜೆ’. ಬ್ಯಾಪ್ಟಿಸಮ್ಮಿಗೆ ಪ್ರಾಟೆಸ್ಟೆಂಟರಲ್ಲಿ ‘ದೀಕ್ಷಾಸ್ನಾನ’, ಕಥೋಲಿಕರಲ್ಲಿ ‘ಜ್ಞಾನಸ್ನಾನ’. ಪದ ತಪ್ಪಿದರೆ ಬಂದವರಿಗೆ ಇದು ತಮ್ಮ ಮನೆಯಲ್ಲ ಅನಿಸುತ್ತದೆ. ಹಾಗೆಯೇ ಕನ್ನಡ ಲಿಪಿ ಕಂಡದ್ದೆಲ್ಲ ಕನ್ನಡವಲ್ಲ: ಮಂಗಳೂರು ಕಡೆಯ ಕಥೋಲಿಕರು ಕೊಂಕಣಿಯನ್ನೂ ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ, ಗೋವಾದ ಚರ್ಚುಗಳಲ್ಲಿ ಅದೇ ಕೊಂಕಣಿಗೆ ರೋಮಿ (ರೋಮನ್) ಲಿಪಿ. ಆದ್ದರಿಂದ ‘ಕನ್ನಡದಲ್ಲಿ’ ಅಥವಾ ‘ಕೊಂಕಣಿಯಲ್ಲಿ’ ಎಂದು ಶೀರ್ಷಿಕೆಯ ಪಕ್ಕದಲ್ಲೇ ಬರೆಯಿಸಬೇಕು. ಕಟ್ಟಡ ಕೆಲಸಕ್ಕೆ ಕಲಬುರಗಿ, ರಾಯಚೂರು ಕಡೆಯಿಂದ ಬಂದವರಲ್ಲಿ ಓದಲು ಬಾರದವರೂ ಇರುತ್ತಾರೆ. ಅವರಿಗೆ ಯಾವ ಪೋಸ್ಟರೂ ಬೇಡ. ಆ ಸೀಮೆಯ ಮಾತಿನಲ್ಲಿ ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಸಾಕು. ಯಾವ ಪ್ಯಾಕೇಜಿನಲ್ಲೂ ಇದು ಇಲ್ಲ, ಯಾಕೆಂದರೆ ಇದಕ್ಕೆ ಬಿಲ್ ಮಾಡಲಾಗುವುದಿಲ್ಲ.

ಫ್ಲೆಕ್ಸಿಗೆ ಬರೋಣ. ಉಜ್ಜೀವನ ಕೂಟದ (ರಿವೈವಲ್ ಮೀಟಿಂಗಿನ) ಬ್ಯಾನರ್ ಅಂದರೆ ಅರ್ಧ ಜಾಗ ಪಾಸ್ಟರ ಮುಖಕ್ಕೆ, ಕಾಲು ಭಾಗ ಅತಿಥಿಗಳ ಮುಖಗಳಿಗೆ. ಉಳಿದದ್ದರಲ್ಲಿ ಸ್ಥಳ, ಹೊತ್ತು. ವಾಟ್ಸಾಪಿನಲ್ಲಿ ಬಂದ ಗುಂಪು ಫೋಟೊದಿಂದ ಕತ್ತರಿಸಿದ ಮುಖ 240 ಪಿಕ್ಸೆಲ್ ಅಗಲ ಇದ್ದು ಅದನ್ನು 2 ಅಡಿಗೆ ಹಿಗ್ಗಿಸಿದರೆ ಇಂಚಿಗೆ 10 ಪಿಕ್ಸೆಲ್ ಉಳಿಯುತ್ತದೆ. ಕಣ್ಣು ಮೂಗು ಎಲ್ಲ ಚೌಕಚೌಕ. ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ವಾಟ್ಸಾಪ್ ಕುಗ್ಗಿಸುವುದಿಲ್ಲ. ಅಕ್ಷರಕ್ಕೆ ಸರಳ ಲೆಕ್ಕ: 10 ಅಡಿ ದೂರಕ್ಕೆ 1 ಇಂಚು ಎತ್ತರ. 40 ಅಡಿ ರಸ್ತೆಯಾಚೆಯಿಂದ ಓದಬೇಕಾದರೆ 4 ಇಂಚು, ಒತ್ತಕ್ಷರ ಬಿಟ್ಟು. ಅಷ್ಟು ದೊಡ್ಡದಾಗಿ ಹಾಕಬೇಕಾದ್ದು ನಾಲ್ಕೇ ಸಂಗತಿ: ಭಾಷೆ, ವಾರ-ಹೊತ್ತು, ಸ್ಟೇಷನ್ನಿನ ಈಸ್ಟೋ ವೆಸ್ಟೋ, ಯಾವ ಗೇಟು. ಶಾಲೆಯ ಹಾಲ್ ಬಾಡಿಗೆಗೆ ಹಿಡಿದ ಸಭೆಗಳಿಗೆ ಈ ಕೊನೆಯದು ಜೀವಾಳ. ಭಾನುವಾರ ಮುಂದಿನ ಗೇಟಿಗೆ ಬೀಗ ಬಿದ್ದಿರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಕಟ್ಟುವುದಾದರೆ ಅಂಚು ಮಡಚಿ, ಎರಡು ಅಡಿಗೊಂದು ಐಲೆಟ್ (ಹಗ್ಗ ಪೋಣಿಸುವ ಲೋಹದ ಬಳೆ) ಹಾಕಿಸಿ. ವಾಸ್ಕೊದಂಥ ಕಡಲಂಚಿನಲ್ಲಿ ಕಬ್ಬಿಣದ ಫ್ರೇಮು ಉಪ್ಪುಗಾಳಿಗೆ ತುಕ್ಕು ಹಿಡಿದು ಬೋರ್ಡಿನ ಮೇಲೆ ಕಂದು ಗೀರು ಇಳಿಸುತ್ತದೆ. ಅಲ್ಲಿ ಅಲ್ಯೂಮಿನಿಯಂ ಒಳ್ಳೆಯದು. ರಸ್ತೆಕಂಬಕ್ಕೆ ಪಾಲಿಕೆಯ ಅನುಮತಿ ಇಲ್ಲದೆ ಕಟ್ಟಬೇಡಿ. ‘ಕ್ಯಾನ್ಸರ್, ಸಕ್ಕರೆ ಕಾಯಿಲೆ ವಾಸಿ’ ಎಂಬ ಸಾಲನ್ನು ಡಿಸೈನರ್ ತಾನಾಗಿ ಸೇರಿಸಿದ್ದರೂ ತೆಗೆಸಿ. ಪವಾಡದ ಮದ್ದಿನ ಜಾಹೀರಾತು ತಡೆಯಲು 1954ರ ಕೇಂದ್ರ ಕಾಯ್ದೆ ಇದೆ, ಮಹಾರಾಷ್ಟ್ರದಲ್ಲಿ 2013ರ ಮಾಟಮಂತ್ರ ವಿರೋಧಿ ಕಾಯ್ದೆಯೂ ಇದೆ. ಕೇಸು ಬಿದ್ದರೆ ಅಲೆಯುವುದು ಸಭೆಯವರೇ.

ಕಾಣಿಕೆಯ ಕ್ಯೂಆರ್ ಕೋಡನ್ನು ಫ್ಲೆಕ್ಸಿನ ಮೂಲೆಯಲ್ಲಿ ಹಾಕುವುದು ದಂಡ. ಬಟ್ಟೆ ಸುಕ್ಕಾಗುತ್ತದೆ, ಬೆಳಕು ಹೊಳೆಯುತ್ತದೆ, ಸ್ಕ್ಯಾನ್ ಆಗುವುದಿಲ್ಲ. ಎ4 ಗಾತ್ರದ ಸನ್‌ಬೋರ್ಡ್ (ಗಟ್ಟಿ ಫೋಮ್ ಹಲಗೆ) ಮೇಲೆ, ಸುತ್ತ ಬಿಳಿ ಅಂಚು ಬಿಟ್ಟು, ಬಾಗಿಲ ಒಳಗಡೆ ಇಡಿ. 1 ರೂಪಾಯಿ ಕಳಿಸಿ ನೋಡಿ. ತೆರೆಯ ಮೇಲೆ ಸಭೆಯ ಅಥವಾ ಟ್ರಸ್ಟಿನ ಹೆಸರು ಬರಬೇಕು, ಖಜಾಂಚಿಯ ಮಗನದ್ದಲ್ಲ. ಮೇಲೆ ಬೇರೆ ಸ್ಟಿಕ್ಕರ್ ಅಂಟಿಸಿದ್ದಾರೆಯೇ ಎಂದು ವಾರವಾರ ಬೆರಳಾಡಿಸಿ ನೋಡುವುದೂ ಒಳ್ಳೆಯದು.

ತಿಂಗಳ ಪೋಸ್ಟರುಗಳ ಗುಣ ಚೆನ್ನಾಗಿದೆ, ತಲುಪುವ ದಾರಿ ಸರಿಯಿಲ್ಲ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನ ಮಿತಿ. ಅವರಲ್ಲೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಅದು ಹೋಗುತ್ತದೆ. ಹೊಸಬರು ಬಂದ ದಿನವೇ ಅವರ ಫೋನಿನಲ್ಲಿ ಸಭೆಯ ನಂಬರ್ ಸೇವ್ ಮಾಡಿಸಿಕೊಳ್ಳಬೇಕು. ಗೂಗಲ್ ಮ್ಯಾಪಿನಲ್ಲಿ ಒಳಾಂಗಣದ ಹೂವಿನಲಂಕಾರಕ್ಕಿಂತ ಗೇಟಿನ ಫೋಟೊ ಮೊದಲು ಹಾಕಿ. ಶುಭ ಶುಕ್ರವಾರ, ಕ್ರಿಸ್‌ಮಸ್ ಹೊತ್ತನ್ನು ಅಲ್ಲೇ ‘ವಿಶೇಷ ಸಮಯ’ (ಸ್ಪೆಷಲ್ ಅವರ್ಸ್) ಎಂಬಲ್ಲಿ ತುಂಬಿ. ಶುಭಾಶಯದ ಪೋಸ್ಟರ್ ನಾಲ್ಕರಲ್ಲಿ ಎರಡು ಬಿಟ್ಟು, ಆ ಶ್ರಮವನ್ನು ಶನಿವಾರ ಸಂಜೆಯ ಒಂದು ಸಂದೇಶಕ್ಕೆ ಹಾಕಿ: ನಾಳೆ ಯಾವ ಲೈನಿನಲ್ಲಿ ಮೆಗಾಬ್ಲಾಕ್ (ಹಳಿ ದುರಸ್ತಿಗೆ ಲೋಕಲ್ ರೈಲು ನಿಲ್ಲಿಸುವುದು), ಎಷ್ಟು ಹೊತ್ತಿಗೆ, ಯಾವ ಸ್ಟೇಷನ್ನಿನಲ್ಲಿ ಇಳಿದು ಯಾವ ಬಸ್ ಹಿಡಿಯಬೇಕು.