ಮಾರುತಿ 800: ಇಪ್ಪತ್ತೆರಡು ಮಳೆಗಾಲ ಮತ್ತು ತೊಂಬತ್ತು ಕಿಲೋ ಭಾರ

ಮೂಡಿಗೆರೆಯ ಬಳಿ ನಮ್ಮದು ಚಿಕ್ಕ ಕಾಫಿ ತೋಟ. ಡಾಂಬರು ರಸ್ತೆಯಿಂದ ಮನೆಗೆ ಮುಕ್ಕಾಲು ಕಿಲೋಮೀಟರ್ ಮಣ್ಣಿನ ದಾರಿ, ಕೊನೆಯಲ್ಲಿ ಒಂದು ಕಡಿದಾದ ಏರು. 2003ರಲ್ಲಿ ಕೊಂಡ, ಏಸಿ ಇಲ್ಲದ ಮಾರುತಿ 800 ಆ ಏರನ್ನು ಈಗಲೂ ದಿನಾ ಹತ್ತುತ್ತದೆ. ನಡುವೆ ಕೆಲವು ವರ್ಷ ಹತ್ತಲಾರದೆ ಒದ್ದಾಡಿತು. ತಪ್ಪು ಕಾರಿನದಲ್ಲ, ನನ್ನದು.

796 ಸಿಸಿಯ ಮೂರು ಸಿಲಿಂಡರ್ ಎಂಜಿನ್, 37 ಅಶ್ವಶಕ್ತಿ. ಇದು ಸಾಕಾಗುವುದು ಕಾರಿನ ತೂಕ ಸುಮಾರು 650 ಕಿಲೋ ಮಾತ್ರ ಇರುವುದರಿಂದ. ಎಂಜಿನ್ ಚಿಕ್ಕದಾದರೆ ಗೇರ್‌ಬಾಕ್ಸ್, ರೇಡಿಯೇಟರ್, ಬ್ರೇಕ್ ಎಲ್ಲವೂ ಚಿಕ್ಕದಾಗಿದ್ದರೆ ನಡೆಯುತ್ತದೆ. 12 ಇಂಚಿನ ಚಕ್ರವೇ ಸಾಕಾಗುತ್ತದೆ. ಇದಕ್ಕೆ ತದ್ವಿರುದ್ಧವಾದದ್ದನ್ನು ನನ್ನ ಚಿಕ್ಕಪ್ಪನ ಝೆನ್ ಡೀಸೆಲ್‌ನಲ್ಲಿ ಕಂಡಿದ್ದೇನೆ. ಪೆಟ್ರೋಲ್ ಝೆನ್‌ಗೆ 993 ಸಿಸಿಯ ಅಲ್ಯೂಮಿನಿಯಂ ಎಂಜಿನ್ ಇತ್ತು. ಅದೇ ಪುಟ್ಟ ಮೈಗೆ 1527 ಸಿಸಿಯ ಪ್ಯೂಜೊ ಡೀಸೆಲ್ ಎಂಜಿನ್ ಕೂರಿಸಿದ್ದರು. ಮೈಲೇಜ್ ಚೆನ್ನಾಗಿತ್ತು, ಆದರೆ ತಿರುವಿನಲ್ಲಿ ಮೂತಿಯ ಭಾರ ಕೈಗೆ ತಿಳಿಯುತ್ತಿತ್ತು.

ಪೆಟ್ರೋಲ್ ದುಬಾರಿಯಾದಾಗ ನಾನು ಎಲ್‌ಪಿಜಿ ಕಿಟ್ ಹಾಕಿಸಿದೆ. ಅದಕ್ಕೂ ಮೊದಲೇ ಹಿಂದೆ ಮುಂದೆ ಕಬ್ಬಿಣದ ಗಾರ್ಡ್, ತಲೆಯ ಮೇಲೆ ಕ್ಯಾರಿಯರ್ ಬಂದಿದ್ದವು. ಆ ಮಳೆಗಾಲದಲ್ಲಿ ಮನೆಯ ಏರಿನಲ್ಲಿ ಮುಂದಿನ ಚಕ್ರಗಳು ಜಾರಿ ಸುತ್ತತೊಡಗಿದವು. ಟೈರ್ ಬದಲಾಯಿಸಿದೆ, ಕ್ಲಚ್ ಪ್ಲೇಟ್ ಬದಲಾಯಿಸಿದೆ, ಪ್ರಯೋಜನವಾಗಲಿಲ್ಲ. ಕೊನೆಗೆ ಕಾಫಿ ಲಾರಿಗಳನ್ನು ತೂಗುವ ವೇಬ್ರಿಡ್ಜ್ ಮೇಲೆ ಕಾರನ್ನು ನಿಲ್ಲಿಸಿ, ನಾನು ಇಳಿದು ನೋಡಿದೆ: 740 ಕಿಲೋ. ಒಂದೂವರೆ ಮೂಟೆ ಕಾಫಿಗಿಂತ ಹೆಚ್ಚಿನ ಭಾರವನ್ನು ವರ್ಷವಿಡೀ ಸುಮ್ಮನೆ ಹೊರಿಸಿದ್ದೆ.

ಆದರೆ ಮನೆಯವರೆಲ್ಲ ಕೂತರೆ ಇದಕ್ಕಿಂತ ಹೆಚ್ಚು ಭಾರವಾಗುತ್ತದೆ, ಆಗ ಕಾರು ಇಷ್ಟು ಜಾರುತ್ತಿರಲಿಲ್ಲ. ಇದು ಏಕೆಂದು ನನ್ನ ಹಳೆಯ ಮೆಕ್ಯಾನಿಕ್ ಡಿಕ್ಕಿಯನ್ನು ಕೈಯಿಂದ ಒತ್ತಿ ತೋರಿಸಿದರು. 800ಕ್ಕೆ ಎಳೆತ ಮುಂದಿನ ಚಕ್ರಗಳಲ್ಲಿ. ಗ್ಯಾಸಿನ ಉಕ್ಕಿನ ಟ್ಯಾಂಕ್ ಮತ್ತು ಹಿಂದಿನ ಗಾರ್ಡ್ ಹಿಂದಿನ ಚಕ್ರಗಳಿಗಿಂತಲೂ ಹಿಂದೆ ಇರುವುದರಿಂದ, ಏತದಂತೆ ಹಿಂಭಾಗ ತಗ್ಗಿ ಮುಂಭಾಗ ಹಗುರಾಗುತ್ತದೆ. ಏರಿನಲ್ಲಿ ಭಾರ ಹೇಗೂ ಹಿಂದಕ್ಕೆ ಸರಿಯುತ್ತದೆ. ಕೆಸರು ಮಣ್ಣಿನಲ್ಲಿ ಎಳೆಯಬೇಕಾದ ಚಕ್ರಕ್ಕೆ ಹಿಡಿತವೇ ಉಳಿಯುವುದಿಲ್ಲ. ಮಲೆನಾಡಿನ ದಾರಿಯಲ್ಲಿ ಎಷ್ಟು ಕಿಲೋ ಎಂಬುದಕ್ಕಿಂತ ಎಲ್ಲಿ ಕೂತ ಕಿಲೋ ಎಂಬುದೇ ದೊಡ್ಡ ಪ್ರಶ್ನೆ ಎಂದು ನನಗೆ ಅಂದು ಅರ್ಥವಾಯಿತು.

ಕಿಟ್ ತೆಗೆಸಿ, ಆರ್‌ಸಿಯಲ್ಲೂ ತಿದ್ದಿಸಿದೆ. ಗಾರ್ಡ್‌ಗಳನ್ನು ಬಿಚ್ಚಲು ಮನಸ್ಸಾಗಿರಲಿಲ್ಲ, ದನ ಅಡ್ಡ ಬಂದರೆ ಎಂಬ ಭಯ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಅವುಗಳ ವಿರುದ್ಧ ರಾಜ್ಯಗಳಿಗೆ ಸೂಚನೆ ಕೊಟ್ಟ ಮೇಲೆ ಅವೂ ಹೋದವು. ಮರುವರ್ಷ, ಹದಿನೈದು ತುಂಬಿದ ಕಾರಿನ ಆರ್‌ಸಿ ನವೀಕರಣಕ್ಕೆ ಚಿಕ್ಕಮಗಳೂರಿಗೆ ಹೋದಾಗ ಸ್ಟೀರಿಂಗ್ ಎಷ್ಟು ಚುರುಕಾಗಿದೆಯೆಂದು ನನಗೇ ಅಚ್ಚರಿಯಾಯಿತು.

ಹಳೆಯ 800 ಕೊಳ್ಳುವಾಗ ಏಸಿ ಮಾದರಿ ಕೊಳ್ಳಬೇಕೇ ಎಂದು ಅನೇಕರು ಕೇಳುತ್ತಾರೆ. ಹಾಸನದಲ್ಲಿರುವ ಭಾವನ ಕಾರು ಅದೇ. ತೂಕದಲ್ಲಿ ವ್ಯತ್ಯಾಸ ಹದಿನೈದು ಕಿಲೋ ಮಾತ್ರ, ಅದರ ಬಹುಪಾಲು ಮುಂಭಾಗದಲ್ಲಿರುವುದರಿಂದ ಹಿಡಿತಕ್ಕೆ ತೊಂದರೆಯಿಲ್ಲ. ತೊಂದರೆ ಕಂಪ್ರೆಸರ್‌ನದು, ಇರುವ 37 ಅಶ್ವಶಕ್ತಿಯಲ್ಲಿ ಅದಕ್ಕೂ ಪಾಲು ಬೇಕು. ಧರ್ಮಸ್ಥಳದಿಂದ ಐವರು ಹಿಂತಿರುಗುವಾಗ ಚಾರ್ಮಾಡಿ ಘಾಟಿಯ ಮೊದಲ ತಿರುವಿನಲ್ಲೇ ಭಾವ ಏಸಿ ಆರಿಸಿ ಕಿಟಕಿ ಇಳಿಸುತ್ತಾರೆ. ಹಾಸನದ ಪೇಟೆಯಲ್ಲೇ ಓಡಿಸುವವರು ಏಸಿ ಇರುವುದನ್ನೇ ಕೊಳ್ಳಲಿ. ನಮ್ಮಂಥ ತೋಟದ ದಾರಿಯವರಿಗೆ ಅದು ಬೇಡ.

ಈ ಹಗುರಕ್ಕೆ ಬೆಲೆಯೂ ಇದೆ. ತಗಡು ತೆಳು, ಏರ್‌ಬ್ಯಾಗ್ ಇಲ್ಲ, ಎದುರಿನಿಂದ ಬಸ್ ವೇಗವಾಗಿ ಹಾದರೆ ಕಾರು ಅಲುಗುತ್ತದೆ. ಮೊಮ್ಮಕ್ಕಳನ್ನು ಹೆದ್ದಾರಿಗೆ ಇದರಲ್ಲಿ ಕರೆದೊಯ್ಯುವುದನ್ನು ನಾನು ನಿಲ್ಲಿಸಿದ್ದೇನೆ.

ಹಳೆಯ 800 ನೋಡಲು ಹೋದವರು ಡಿಕ್ಕಿಯ ಹಾಸು ಎತ್ತಿ ನೋಡಿ. ಟ್ಯಾಂಕ್ ಬಿಗಿದಿದ್ದ ಬೋಲ್ಟಿನ ತೂತುಗಳಿದ್ದರೆ ಹಿಂದಿನ ಸ್ಪ್ರಿಂಗ್‌ಗಳನ್ನೂ ಪರೀಕ್ಷಿಸಿ. ನನ್ನ ಕಾರಿನವು ಬಾಗಿ ಕುಗ್ಗಿದ್ದವು, ಎರಡನ್ನೂ ಬದಲಾಯಿಸಬೇಕಾಯಿತು.