ಹಳೇ ಮನೆಯನ್ನು ‘ಹಾಗೇ ಉಳಿಸಿಕೊಡ್ತೀವಿ’ ಅನ್ನೋ ಇಂಟೀರಿಯರ್‌ನವರು: ಹುಷಾರು!

ಮೈಸೂರು ಕಡೆ ತೊಟ್ಟಿ ಮನೆ ಇಟ್ಟುಕೊಂಡು ರಿಪೇರಿಗೆ ಜನ ಹುಡುಕುತ್ತಿರುವವರು ದಯವಿಟ್ಟು ಓದಿ. ಹೆಸರು ಹಾಕುತ್ತಿಲ್ಲ, ವಕೀಲರು ಬೇಡ ಅಂದಿದ್ದಾರೆ. ಇಲ್ಲದಿದ್ದರೆ ಫೋಟೋ ಸಮೇತ ಹಾಕುತ್ತಿದ್ದೆ.

ನಮ್ಮದು ತಾತ ಕಟ್ಟಿಸಿದ ಮನೆ. ಸುಣ್ಣದ ಗಾರೆ ಗೋಡೆ, ರೆಡ್ ಆಕ್ಸೈಡ್ ನೆಲ, ತೊಟ್ಟಿ ಸುತ್ತ ಮರದ ಕಂಬ, ಮೇಲೆ ಮಂಗಳೂರು ಹಂಚು. ನಾವು ಕೇಳಿದ್ದು ಇಷ್ಟೇ: ಸೋರುವುದು ನಿಲ್ಲಲಿ, ವೈರಿಂಗ್ ಹೊಸದಾಗಲಿ, ಅಡುಗೆಮನೆ ಸರಿಯಾಗಲಿ. ಉಳಿದಿದ್ದು ಮುಟ್ಟಬೇಡಿ. ಡಿಸೈನರ್ ಕಂಬ ಸವರಿ ಸವರಿ ನೋಡಿದರು. “ಇಂಥ ಮನೆ ಈಗೆಲ್ಲಿ ಸಿಗುತ್ತೆ ಅಮ್ಮಾ” ಅಂತ ನಮ್ಮ ತಾಯಿ ಹತ್ತಿರ ಹೇಳಿದ್ದೇ ಹೇಳಿದ್ದು. ಅರ್ಧಕ್ಕಿಂತ ಜಾಸ್ತಿ ದುಡ್ಡು ಮುಂಗಡವಾಗಿಯೇ ಹೋಯಿತು.

ಮುಂಬಾಗಿಲು ಪಾಲಿಶ್‌ಗೆ ಅಂತ ಹೋಯಿತು. ಎರಡು ಕಂಬವೂ ಹೋದವು. ಬಂದಿದ್ದು ಪ್ಲೈವುಡ್‌ಗೆ ವೆನಿಯರ್ ಅಂಟಿಸಿದ ಬಾಗಿಲು! ಕಂಬದ ಜಾಗದಲ್ಲಿ ಕಬ್ಬಿಣದ ಪೈಪ್, ಅದಕ್ಕೆ ಮರದ ಬಣ್ಣದ ಹಾಳೆ ಸುತ್ತಿದ್ದಾರೆ. ಕೇಳಿದರೆ, “ಗೆದ್ದಲು ಹಿಡಿದಿತ್ತು ಸರ್, ಬಿಸಾಕಿಬಿಟ್ವಿ.” ನಮ್ಮನ್ನು ಒಂದು ಮಾತು ಕೇಳದೆ!

ಆಮೇಲೆ ನಮ್ಮ ಅಕ್ಕನ ಮಗಳು ಇನ್‌ಸ್ಟಾಗ್ರಾಂನಲ್ಲಿ ಒಂದು ಫೋಟೋ ತೋರಿಸಿದಳು. ಬೆಂಗಳೂರಿನ ಯಾವುದೋ ಹೋಟೆಲು, ಇದೇ ಡಿಸೈನರ್ ಮಾಡಿದ ಕೆಲಸ. ಅಲ್ಲಿ ನಮ್ಮ ಬಾಗಿಲು ನಿಂತಿದೆ. ನಮ್ಮದೇ. ಹಳೇ ಚಿಲಕ ಕಿತ್ತ ಜಾಗಕ್ಕೆ ಅಪ್ಪ ಹೊಡೆಸಿದ್ದ ತಗಡಿನ ತೇಪೆ ಹಾಗೇ ಇದೆ. ಮೈಯೆಲ್ಲ ಉರಿದುಹೋಯಿತು. ಅಮ್ಮನಿಗೆ ಇನ್ನೂ ಹೇಳಿಲ್ಲ.

ಮೆಸೇಜ್ ಮಾಡಿದೆ. “ಅದು ಬೇರೆ ಸರ್, ಹಳೇ ಬಾಗಿಲೆಲ್ಲ ಒಂದೇ ಥರ ಇರುತ್ತೆ.” ತೇಪೆ ದೊಡ್ಡದು ಮಾಡಿ ಕಳಿಸಿದೆ. “ಕಿತ್ತ ಸಾಮಾನು ನಾವೇ ತೆರವು ಮಾಡ್ತೀವಿ ಅಂತ ಅಗ್ರಿಮೆಂಟ್‌ನಲ್ಲಿದೆ, ನೋಡಿ ಸರ್.” ರೀ, ಅದು ಇಟ್ಟಿಗೆ ಚೂರು, ಮಣ್ಣು ಎತ್ತಿಸೋಕೆ ಬರೆದ ಸಾಲು! ಗೆದ್ದಲು ತಿಂದ ಬಾಗಿಲು ಹೋಟೆಲಿಗೆ ಹೇಗೆ ಆಗುತ್ತೆ ಅಂತ ಕೇಳಿದೆ. “ನಿಮಗೆ ಡಿಸ್ಕೌಂಟ್ ಕೊಟ್ಟಿದ್ವಲ್ಲ ಸರ್.” ಯಾವ ಡಿಸ್ಕೌಂಟು? ಅದಕ್ಕೆ ಉತ್ತರ ಇಲ್ಲ, ಬರೀ ನೀಲಿ ಟಿಕ್.

ಹಂಚಿನ ಕಥೆಯೂ ಅದೇ. “ಒಡೆದಿವೆ, ಕೂರಲ್ಲ” ಅಂತ ಇಳಿಸಿದರು. ಬಾಸೆಲ್ ಮಿಷನ್ ಮುದ್ರೆಯ ಹಂಚು ಅವರದೇ ಪೇಜ್‌ನಲ್ಲಿ ‘1865ರ ಆಂಟಿಕ್’ ಅಂತ ಮಾರಾಟಕ್ಕಿದೆ. 1865 ಮಂಗಳೂರಿನ ಜೆಪ್ಪುವಿನಲ್ಲಿ ಆ ಮಿಷನರಿಗಳ ಹಂಚಿನ ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷ ಅಲ್ಲ. ಕೊಳ್ಳೋರಿಗೂ ಟೋಪಿ.

ಗೋಡೆ ಇನ್ನೊಂದು ಗೋಳು. ಗಾರೆ ಕೆತ್ತಿ ಸಿಮೆಂಟ್ ಪ್ಲಾಸ್ಟರ್, ಅದರ ಮೇಲೆ ಪುಟ್ಟಿ. ಹಳೇ ಗೋಡೆ ಎಳೆದ ತೇವ ಸುಣ್ಣದ ಮೂಲಕ ಆರಿಹೋಗುತ್ತಿತ್ತು. ಈಗ ಒಳಗೇ ಸಿಕ್ಕಿಕೊಂಡು ಬಣ್ಣ ಗುಳ್ಳೆ ಎದ್ದು ಉದುರುತ್ತಿದೆ. ನೆಲಕ್ಕೆ ಮೆಷಿನ್ ಪಾಲಿಶ್ ಹೊಡೆಸಿ ಕೆಂಪು ಪದರವನ್ನೇ ಕೆರೆದಿದ್ದಾರೆ. ಅದು ಇರುವುದೇ ತೆಳ್ಳಗೆ, ಗೊತ್ತಿಲ್ವಾ ಇವರಿಗೆ?

ಕೆಲಸಕ್ಕೆ ಮುಂಚೆ ಪ್ರತಿ ಬಾಗಿಲು, ಕಂಬ, ಹಂಚಿನ ಫೋಟೋ ತೆಗೆದಿಡಿ. ಕಿತ್ತಿದ್ದೆಲ್ಲ ಮಾಲೀಕರದ್ದು ಅಂತ ಬರೆಸಿ. ಗಾರೆ ಕೆಲಸ ಗೊತ್ತಿರೋ ಮೇಸ್ತ್ರಿ ಯಾರು ಅಂತ ಕೇಳಿ. ಮನೆಯನ್ನು ಸಿಕ್ಕಾಪಟ್ಟೆ ಹೊಗಳೋರಿಗೆ ಕೀ ಕೊಡಬೇಡಿ.

ಮೊನ್ನೆ ಫೈನಲ್ ಬಿಲ್ ಬಂದಿದೆ. ಅದರಲ್ಲಿ ‘ಹಳೇ ಬಾಗಿಲು ಸಾಗಾಣಿಕೆ’ ಅಂತ ಒಂದು ಸಾಲು ಬೇರೆ! ಒಂದು ಪೈಸೆ ಕೊಡಲ್ಲ. ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ. ಇದೇ ಥರ ಬಾಗಿಲು, ಕಂಬ ಕಳೆದುಕೊಂಡವರು ಇದ್ದರೆ ಮೆಸೇಜ್ ಮಾಡಿ, ಒಟ್ಟಿಗೆ ಹೋಗೋಣ.