ಆ್ಯಪ್ ಅಂಗಡಿ, ಡೆವಲಪರ್ ಕಡೆಯಿಂದ: ಎರಡೂವರೆ ಸ್ಟಾರ್

ಆ್ಯಪ್ ಇಳಿಸಿಕೊಳ್ಳುವವರು ಬರೆದ ವಿಮರ್ಶೆಗಳು ಬೇಕಾದಷ್ಟಿವೆ. ಇದು ಆ್ಯಪ್ ಇಟ್ಟವನ ವಿಮರ್ಶೆ. ನನ್ನದು ಹಾಲಿನ ಲೆಕ್ಕದ ಸಣ್ಣ ಆ್ಯಪ್. ಡೈರಿಗೆ ಹಾಲು ಹಾಕಿದಾಗ ಕೊಡುವ ಚೀಟಿಯಲ್ಲಿರುವ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ತುಂಬಿದರೆ ಸಾಕು. ಬಟವಾಡೆ ಎಷ್ಟು ಬರಬೇಕು, ಫೀಡ್ ಮೂಟೆಯ ಬಾಕಿ ಎಷ್ಟು ಹಿಡಿಯುತ್ತಾರೆ ಎಂದು ತೋರಿಸುತ್ತದೆ. ಯಾವ ಅಂಗಡಿ ಎಂದು ಮಾತ್ರ ಹೇಳುವುದಿಲ್ಲ, ಖಾತೆ ಇನ್ನೂ ಅಲ್ಲೇ ಇದೆಯಲ್ಲ!

ಒಳ್ಳೆಯದೂ ಇದೆ. ದುಡ್ಡು ಸರಿಯಾದ ತಾರೀಖಿಗೆ ಬರುತ್ತದೆ. ಯಾವ ಮಾಡೆಲ್ ಫೋನಿನಲ್ಲಿ, ಕೋಡಿನ ಯಾವ ಸಾಲಿನಲ್ಲಿ ಕ್ರ್ಯಾಶ್ ಆಯಿತು ಎಂಬ ವರದಿ ಪುಕ್ಕಟೆ ಸಿಗುತ್ತದೆ. ಇದನ್ನೆಲ್ಲ ನಾನೇ ಕಟ್ಟಿಕೊಳ್ಳಲು ಹೋಗಿದ್ದರೆ ಆ್ಯಪ್ ಬರೆಯಲು ಪುರುಸೊತ್ತೇ ಇರುತ್ತಿರಲಿಲ್ಲ.

ತಲೆನೋವು ಶುರುವಾಗುವುದು ರಿವ್ಯೂನಲ್ಲಿ, ಅಂದರೆ ಆ್ಯಪ್ ಹೊರಗೆ ಬಿಡುವ ಮುಂಚೆ ಅಂಗಡಿಯವರು ಮಾಡುವ ತಪಾಸಣೆಯಲ್ಲಿ. ಹಾಲು ಒಕ್ಕೂಟ ದರ ಬದಲಿಸಿತ್ತು. ಹೊಸ ದರಪಟ್ಟಿ ಹಾಕಿ ಅಪ್‌ಡೇಟ್ ಕಳಿಸಿದೆ. ತಿರಸ್ಕಾರದ ಮೇಲ್ ಬಂತು: ನಿಮ್ಮ ಆ್ಯಪ್ ಜನರನ್ನು ದಾರಿ ತಪ್ಪಿಸುವಂತಿದೆ. ಜೊತೆಗೆ ನಿಯಮಗಳ ಪುಟದ ಲಿಂಕು, ಹೋಮ್ ಪೇಜಿನ ಒಂದು ಸ್ಕ್ರೀನ್‌ಶಾಟ್. ಆ ಚಿತ್ರದಲ್ಲಿ ಒಂದು ಗುರುತೂ ಇಲ್ಲ, ಬಾಣವೂ ಇಲ್ಲ. ಅದರಲ್ಲಿದ್ದದ್ದೆಲ್ಲ ಕನ್ನಡ. ಯಾವ ಸಾಲು ತಪ್ಪು ಸ್ವಾಮಿ ಎಂದು ಮೇಲ್ಮನವಿ ಹಾಕಿದೆ. ಅದೇ ಪ್ಯಾರಾ ತಿರುಗಿ ಬಂತು, ಒಂದು ಪೂರ್ಣವಿರಾಮವೂ ಬದಲಾಗಿರಲಿಲ್ಲ.

ಇತ್ತ ಹಳೇ ದರದಲ್ಲಿ ಲೆಕ್ಕ ನೋಡಿದವರೆಲ್ಲ ಡೈರಿ ಸೆಕ್ರೆಟರಿ ಹತ್ತಿರ ಜಗಳಕ್ಕೆ ನಿಂತಿದ್ದರು. ನಾನು ಒಂದೊಂದೇ ಸಾಲು ಹಿಡಿದು ಊಹೆ ಮಾಡುತ್ತ ಕೂತೆ. ರಾಜ್ಯ ಸರ್ಕಾರ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುತ್ತದಲ್ಲ, ಅದಕ್ಕೆ ನಾನು ‘ಸರ್ಕಾರದ 5 ರೂ.’ ಎಂಬ ಕಾಲಂ ಇಟ್ಟಿದ್ದೆ. ಇದನ್ನು ಸರ್ಕಾರಿ ಆ್ಯಪ್ ಅಂದುಕೊಂಡರೇನೋ! ವಿವರಣೆಯಲ್ಲಿ ‘ಇದು ಸರ್ಕಾರದ್ದಾಗಲಿ, ಡೈರಿಯದ್ದಾಗಲಿ ಅಲ್ಲ’ ಎಂದು ಬರೆದು ಮತ್ತೆ ಕಳಿಸಿದೆ. ಪಾಸಾಯಿತು. ಅದೇ ಕಾರಣವೋ, ಈ ಸಲ ನೋಡಿದವರು ಬೇರೆಯೋ, ಆ ದೇವರೇ ಬಲ್ಲ. ನಿಯಮ ಇರಲಿ, ಬೇಕು ಕೂಡ. ಬೇಡ ಅನ್ನುವವರು ಯಾಕೆ ಬೇಡ ಎಂದು ಒಂದು ಸಾಲು ಬರೆಯಬಾರದೇ? ನನ್ನ ದೂರು ಇದೊಂದೇ, ಮಿಕ್ಕದ್ದೆಲ್ಲ ಇದರ ಬಾಲ.

ರೇಟಿಂಗ್ ವಿಷಯವನ್ನೇ ತಗೊಳ್ಳಿ. ‘ಹಾಲಿಗೆ ರೇಟ್ ಸಾಲದು’ ಎಂದು ಒಬ್ಬರು ಒಂದು ಸ್ಟಾರ್ ಕೊಟ್ಟರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ದರ ನಿಗದಿ ಮಾಡೋದು ನಾನಲ್ಲವಲ್ಲ! ಇದು ಆ್ಯಪ್ ಬಗ್ಗೆ ಬರೆದದ್ದಲ್ಲ ಎಂದು ವರದಿ ಮಾಡಿದೆ. ‘ನಿಯಮ ಉಲ್ಲಂಘನೆ ಇಲ್ಲ’ ಎಂಬ ಉತ್ತರ ಬಂತು. ಆ ಒಂದು ಸ್ಟಾರ್ ಇನ್ನೂ ಅಲ್ಲೇ ಕೂತಿದೆ.

ಆ್ಯಪ್‌ನ ಗಳಿಕೆಯಲ್ಲಿ ಅಂಗಡಿ ಹಿಡಿಯುವ ಕಮಿಷನ್ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ವರ್ಷಕ್ಕೆ 10 ಲಕ್ಷ ಡಾಲರ್ ಒಳಗೆ ಗಳಿಸುವ ಸಣ್ಣವರಿಗೆ ಆಪಲ್, ಗೂಗಲ್ ಎರಡೂ 2021ರಲ್ಲಿ ಶೇ. 30ನ್ನು ಶೇ. 15ಕ್ಕೆ ಇಳಿಸಿದವು. ಯುಪಿಐನಲ್ಲಿ ಬಿಡಿಗಾಸು ಶುಲ್ಕವಿಲ್ಲದೆ ದುಡ್ಡು ಹೋಗುವ ನಾಡಿನಲ್ಲಿ 15 ಕೂಡ ಜಾಸ್ತಿಯೇ. ಆ್ಯಪ್‌ನೊಳಗೆ ದುಡ್ಡು ಕಟ್ಟಿಸಿಕೊಳ್ಳುವ ಗೂಗಲ್ ಪ್ಲೇ ಬಿಲ್ಲಿಂಗ್ ವ್ಯವಸ್ಥೆಯ ವಿಚಾರದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 936.44 ಕೋಟಿ ರೂಪಾಯಿ ದಂಡ ಹಾಕಿತು. ಮೇಲ್ಮನವಿ ನ್ಯಾಯಮಂಡಳಿ 2025ರಲ್ಲಿ ಅದನ್ನು 216.69 ಕೋಟಿಗೆ ಇಳಿಸಿತು. ದೊಡ್ಡವರ ಜಗಳ, ನಡೆಯಲಿ ಬಿಡಿ.

ಇಷ್ಟೆಲ್ಲ ಇದ್ದರೂ ಯಾಕೆ ಬಿಟ್ಟಿಲ್ಲ ಅಂತೀರಾ? ಅಂಗಡಿಯ ಹಂಗಿಲ್ಲದೆ ನೇರ ಫೋನಿಗೆ ಹಾಕಿಕೊಳ್ಳುವ ಎಪಿಕೆ ಫೈಲನ್ನು ವಾಟ್ಸಾಪ್‌ನಲ್ಲಿ ಹಂಚಬಹುದಿತ್ತು. ಆದರೆ ಮದುವೆ ಕರೆಯೋಲೆ, ಟ್ರಾಫಿಕ್ ದಂಡ ಎಂಬ ಹೆಸರಿನಲ್ಲಿ ಎಪಿಕೆ ಕಳಿಸಿ ಬ್ಯಾಂಕ್ ಖಾತೆ ಬರಿದು ಮಾಡುವ ಕಳ್ಳರಿದ್ದಾರೆ. ಅಂಥದ್ದನ್ನು ಮುಟ್ಟಬೇಡಿ ಎಂದು ಪೊಲೀಸರೇ ಹೇಳುತ್ತಿರುವಾಗ ನಾನು ‘ನನ್ನದೊಂದು ಹಾಕಿಕೊಳ್ಳಿ’ ಎನ್ನಲು ಯಾವ ಮುಖ? ಫೋನ್‌ಪೇಯವರ ಇಂಡಸ್ ಆ್ಯಪ್‌ಸ್ಟೋರ್ 2024ರ ಫೆಬ್ರವರಿಯಲ್ಲಿ ಬಂತು. 12 ಭಾರತೀಯ ಭಾಷೆಗಳಿವೆ, ಕನ್ನಡವೂ ಇದೆ. ಆದರೆ ಅದು ಎಲ್ಲ ಫೋನಿನಲ್ಲೂ ಮೊದಲೇ ಇರುವುದಿಲ್ಲ. ಆ ಅಂಗಡಿಯನ್ನು ಇಳಿಸಿಕೊಳ್ಳಿ, ಆಮೇಲೆ ನನ್ನ ಆ್ಯಪ್ ಇಳಿಸಿಕೊಳ್ಳಿ ಎಂದರೆ ಹಟ್ಟಿಯಲ್ಲಿ ಕೆಲಸ ಬಿಟ್ಟು ಯಾರು ಕೂರುತ್ತಾರೆ?

ಹೊಸದಾಗಿ ಬರುವವರಿಗೆ ಎರಡು ಮಾತು. ಗೂಗಲ್ ಪ್ಲೇಗೆ ಹೋಗುವುದಾದರೆ ವೈಯಕ್ತಿಕ ಖಾತೆಯೋ, ಸಂಸ್ಥೆಯ ಖಾತೆಯೋ ಎಂದು ಮೊದಲೇ ಯೋಚಿಸಿ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ ಆ್ಯಪ್ ಬಿಡುಗಡೆಗೆ ಮೊದಲು ಅದನ್ನು ಬಳಸಿ ನೋಡುವ ಕ್ಲೋಸ್ಡ್ ಟೆಸ್ಟ್‌ನಲ್ಲಿ ಕನಿಷ್ಠ 12 ಪರೀಕ್ಷಕರು 14 ದಿನ ಬಿಡದೆ ಸೇರಿರಬೇಕು. ಮೊದಲು 20 ಜನ ಬೇಕಿತ್ತು. ಆ್ಯಪ್‌ನಿಂದ ದುಡ್ಡು ಬರುವಂತಿದ್ದರೆ ನಿಮ್ಮ ಪೂರ್ತಿ ವಿಳಾಸವೂ ಅಲ್ಲಿ ಎಲ್ಲರಿಗೂ ಕಾಣುತ್ತದೆ. ಬಾಡಿಗೆ ಮನೆಯವರು ಗಮನಿಸಿ. ಯಾವ ಅಂಗಡಿಯಾದರೂ ಸರಿ, ಬಳಸುವವರ ಜೊತೆ ಅಂಗಡಿಯ ಹೊರಗೂ ಒಂದು ಸಂಪರ್ಕ ಇಟ್ಟುಕೊಳ್ಳಿ. ನಾವು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದೇವೆ. ಅಪ್‌ಡೇಟ್ ಸಿಕ್ಕಿಹಾಕಿಕೊಂಡರೆ ಹೊಸ ದರಪಟ್ಟಿಯ ಫೋಟೊ ಅಲ್ಲಿ ಹಾಕುತ್ತೇನೆ, ಅವರು ಕೈಯಲ್ಲೇ ಲೆಕ್ಕ ಹಾಕಿಕೊಳ್ಳುತ್ತಾರೆ.